ಅಬ್ಬಲಿಗೆ, ಕರಿಮಣಿ, ಹಸಿರು ಬಳೆ: ಕಾರವಾರ–ಅಂಕೋಲೆಯ ಮದುವೆಗಳ ಬಣ್ಣದ ಚರಿತ್ರೆ

ಶಿವರಾತ್ರಿಯ ಹೊತ್ತಿಗೆ ಅಂಕೋಲೆಯ ಪೇಟೆಗೆ ಸುರಗಿ ಬರತೊಡಗುತ್ತದೆ. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕಾದ ಹೂವು ಅದು. ಬೆಳಕು ಹರಿಯುವ ಮುನ್ನವೇ ಮರ ಹತ್ತಿ, ರೆಂಬೆಗೆ ಅಂಟಿಕೊಂಡು ಗೊಂಚಲಾಗಿ ಕೂತ ಮೊಗ್ಗುಗಳನ್ನು ಬಿಡಿಸಿ ಕೆಳಗಿಳಿಸಬೇಕು. ಬಿಸಿಲೇರುವುದರೊಳಗೆ ಹೆಂಗಸರು ಅದನ್ನು ಕಟ್ಟಿ ದಂಡೆ ಮಾಡಬೇಕು. ಬಿಳಿ ಎಸಳು, ನಡುವೆ ಹಳದಿ ಕೇಸರ, ಒಣಗಿದರೂ ಬಿಡದ ಪರಿಮಳ. ಇದರ ಒಣಮೊಗ್ಗಿನಿಂದ ರೇಷ್ಮೆಗೆ ಕೆಂಪು ಬಣ್ಣ ಕಟ್ಟುತ್ತಿದ್ದ ಕಾಲವೂ ಇತ್ತು. ಸುರಗಿಯ ಸುಗ್ಗಿ ಎರಡು ಮೂರು ತಿಂಗಳು ಮಾತ್ರ. ಅದು ಕರಾವಳಿಯ ಮದುವೆಗಳ ಸುಗ್ಗಿಯೂ ಹೌದು.

ಸುರಗಿ ಮುಗಿದ ಮೇಲೆ ಅಬ್ಬಲಿಗೆ. ಘಟ್ಟದ ಮೇಲಿನವರು ಕನಕಾಂಬರ ಎನ್ನುವ, ಗೋವೆಯವರು ಅಬೋಲಿ ಎಂದು ಕರೆಯುವ ಈ ಕಿತ್ತಳೆಗೆಂಪು ಹೂವಿಗೆ ಪರಿಮಳವೇ ಇಲ್ಲ. ಆದರೆ ಕೊಯ್ದ ಮೇಲೂ ಒಂದೆರಡು ದಿನ ಬಾಡದು, ಬಣ್ಣ ಕಳೆದುಕೊಳ್ಳದು. ಹಿಂದಿನ ದಿನ ದೇವಕಾರ್ಯ, ಮರುದಿನ ಧಾರೆ, ಆಮೇಲೆ ದಿಬ್ಬಣ ಎಂದು ದಿನಗಟ್ಟಲೆ ನಡೆಯುತ್ತಿದ್ದ ಮದುವೆಗೆ ಇದಕ್ಕಿಂತ ಒದಗುವ ಹೂವು ಇನ್ನೊಂದಿರಲಿಲ್ಲ. ಮದುಮಗಳ ತಲೆಯಿಂದ ಹಿಡಿದು ದಿಬ್ಬಣಕ್ಕೆ ಬಂದ ಮುದುಕಿಯ ತುರುಬಿನವರೆಗೆ ಎಲ್ಲೆಡೆ ಅದೇ ಕಿತ್ತಳೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಆದರೂ ಇಡೀ ಮದುವೆ ಮನೆ ಒಂದೇ ಬಣ್ಣದ ಎಳೆಯಲ್ಲಿ ಕೂಡಿಕೊಂಡಿರುತ್ತಿತ್ತು.

ಇಂದು ಇದನ್ನೇ ಥೀಮ್ ಎನ್ನುತ್ತಾರೆ. ಛತ್ರ ಕಾದಿರಿಸಿದ ಮರುದಿನವೇ ಕಲರ್ ಯಾವುದೆಂಬ ಪ್ರಶ್ನೆ ಏಳುತ್ತದೆ. ಮಂಟಪದ ಬಟ್ಟೆ, ಕರೆಯೋಲೆಯ ಅಂಚು, ಹುಡುಗಿಯ ಗೆಳತಿಯರ ಸೀರೆ, ಹುಡುಗನ ಶೇರ್ವಾನಿ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಈ ಆಸೆಯಲ್ಲಿ ಹೊಸದೇನಿಲ್ಲ. ಬದಲಾಗಿರುವುದು ಬಣ್ಣವನ್ನು ನಿಶ್ಚಯಿಸುವವರು. ಕಾರವಾರ, ಅಂಕೋಲೆಗಳಲ್ಲಿ ಮದುವೆಯ ಬಣ್ಣವನ್ನು ಮದುಮಕ್ಕಳು ಆರಿಸುತ್ತಿರಲಿಲ್ಲ. ಅದನ್ನು ಕೊಡುವವರಿದ್ದರು: ಒಂದು ಬಣ್ಣ ಸೋದರಮಾವನಿಂದ, ಇನ್ನೊಂದು ಬಳೆಗಾರನಿಂದ, ಮತ್ತೊಂದು ಗುಡಿಗಾರನಿಂದ, ಮಗದೊಂದು ಹಿತ್ತಿಲ ಗಿಡದಿಂದ ಬರುತ್ತಿತ್ತು. ಹೀಗೆ ಬಂದ ಬಣ್ಣಗಳೆಲ್ಲ ಸೇರಿದಾಗ ಆಗುತ್ತಿದ್ದುದೇ ಆ ಮದುವೆಯ ರೂಪ.

1883ರಲ್ಲಿ ಮುಂಬಯಿ ಸರಕಾರ ತನ್ನ ಗೆಜೆಟಿಯರ್ ಮಾಲೆಯಲ್ಲಿ ಕೆನರಾ ಜಿಲ್ಲೆಯ ಸಂಪುಟವನ್ನು ಎರಡು ಭಾಗಗಳಲ್ಲಿ ಪ್ರಕಟಿಸಿತು. ಜೇಮ್ಸ್ ಕ್ಯಾಂಪ್‌ಬೆಲ್ ಅದರ ಸಂಪಾದಕರು. ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಊರಾಗಿ ಆಗ ಎರಡು ದಶಕ ಕಳೆದಿತ್ತು. ಆ ಸಂಪುಟ ಜಿಲ್ಲೆಯ ಒಂದೊಂದು ಸಮುದಾಯವನ್ನೂ ತೆಗೆದುಕೊಂಡು ಅದರ ಮನೆ, ಊಟ, ಉಡುಗೆ, ಮದುವೆಗಳನ್ನು ವಿವರಿಸುತ್ತ ಹೋಗುತ್ತದೆ. ಬರೆದವರು ಅಧಿಕಾರಿಗಳು; ಜನರನ್ನು ಪಟ್ಟಿ ಮಾಡುವುದೇ ಅವರ ಕೆಲಸ. ಆದರೂ ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ: ಹೆಣ್ಣುಮಗಳ ಸೀರೆಯ ಕಟ್ಟು, ಕೊರಳ ಮಣಿ, ಕೈಯ ಬಳೆ ನೋಡಿದರೆ ಅವಳು ಯಾವ ಕೇರಿಯವಳು, ಮದುವೆಯಾದವಳೋ ಅಲ್ಲವೋ, ಗಂಡ ಬದುಕಿದ್ದಾನೋ ಇಲ್ಲವೋ ಎಂದು ಆ ಕಾಲದಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು.

ಅಂಕೋಲೆಯ ಹಾಲಕ್ಕಿ ಒಕ್ಕಲು ಹೆಂಗಸರಲ್ಲಿ ಈ ಗುರುತು ಇಂದಿಗೂ ಕಣ್ಣಿಗೆ ಕಾಣುತ್ತದೆ. ರವಿಕೆಯಿಲ್ಲದೆ ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ, ಕೊರಳಿನಿಂದ ಎದೆಯವರೆಗೆ ಸಾಲುಸಾಲಾಗಿ ಇಳಿದ ಕರಿಮಣಿ, ನಡುನಡುವೆ ಕೆಂಪು, ಹಳದಿ ಮಣಿಗಳ ಎಳೆ, ಮುಡಿಯಲ್ಲಿ ಅಬ್ಬಲಿಗೆ ದಂಡೆ. ಮಣಿ ಇಲ್ಲಿ ಒಡವೆಯೂ ಹೌದು, ಉಡುಪಿನ ಒಂದು ಭಾಗವೂ ಹೌದು. ಈ ಸಮುದಾಯದಲ್ಲಿ ಮದುವೆ ಎರಡು ಮನೆಗಳ ನಡುವೆ ಮುಗಿಯುವ ಮಾತಾಗಿರಲಿಲ್ಲ. ಊರಗೌಡ, ಬುದವಂತ, ಕೋಲಕಾರ ಎಂಬ ಊರ ಮುಖಂಡರು ಬಂದು ಕೂತು ಒಪ್ಪಬೇಕಿತ್ತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ರಾತ್ರಿಯೆಲ್ಲ ಹಾಡು. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಹಾಡುಗಳನ್ನು ನೆನಪಿನಲ್ಲಿ ಉಳಿಸಿಕೊಂಡದ್ದಕ್ಕೆ. ಹೊನ್ನಳ್ಳಿಯ ತುಳಸಿ ಗೌಡ ಅದೇ ಪ್ರಶಸ್ತಿ ಪಡೆಯಲು 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ಇದೇ ಉಡುಗೆಯಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಹೋದಾಗ ದೇಶವೆಲ್ಲ ಆ ಮಣಿಗಳನ್ನು ನೋಡಿತು. ಅಂಕೋಲೆಯ ಸಂತೆಯಲ್ಲಿ ತರಕಾರಿ ಬುಟ್ಟಿಯ ಹಿಂದೆ ಅವು ಎಂದಿನಿಂದಲೂ ಇದ್ದವು.

ಕಪ್ಪಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಮದುವೆ ಮನೆಯಲ್ಲಿ ಕಪ್ಪು ಬಟ್ಟೆಗೆ ಪ್ರವೇಶವಿಲ್ಲ. ಕಪ್ಪು ಸೀರೆಯುಟ್ಟು ಬಂದ ನೆಂಟಳನ್ನು ಅಜ್ಜಿಯರು ಇಂದಿಗೂ ಹುಬ್ಬುಗಂಟಿಕ್ಕಿ ನೋಡುತ್ತಾರೆ. ಆದರೆ ಮದುವೆಯನ್ನು ಮದುವೆಯಾಗಿಸುವ ಮಣಿಯೇ ಕಪ್ಪು. ಹಾಲಕ್ಕಿಗಳಿಗೆ ಎಷ್ಟೋ, ಕೊಂಕಣಿ ಸಾರಸ್ವತರಿಗೂ ಅಷ್ಟೇ: ಅವರ ಕಾಸಿತಾಳಿಯಲ್ಲಿ ಚಿನ್ನದ ಜೊತೆಗೆ ಕರಿಮಣಿ, ಹವಳ ಕೂಡಿರುತ್ತವೆ. ದೃಷ್ಟಿ ತಾಗದಿರಲಿ ಎಂಬ ನಂಬಿಕೆಯಿಂದ ಕಪ್ಪು ಕೊರಳಿಗೆ ಬಂತು; ಅದೇ ಕಪ್ಪು ಮೈಮೇಲೆ ಬಟ್ಟೆಯಾಗಿ ಬಂದರೆ ಅಶುಭವಾಯಿತು.

ಈ ಬಣ್ಣಗಳ ಏರ್ಪಾಟು ಚೆಂದವಿತ್ತೆಂದು ಹೇಳುವವರು ಅದರ ಕ್ರೌರ್ಯವನ್ನೂ ಹೇಳಬೇಕು. ಹಸಿರು ಬಳೆ, ಕುಂಕುಮ, ಹೂವು, ಕರಿಮಣಿ ಕೊಟ್ಟ ಸಮಾಜವೇ ಗಂಡ ಸತ್ತ ದಿನ ಅವನ್ನೆಲ್ಲ ಕಿತ್ತುಕೊಳ್ಳುತ್ತಿತ್ತು. ಮೇಲುಜಾತಿಗಳ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ವಿಧವೆ ಅಕ್ಕ, ತಂಗಿಯ ಮದುವೆಯ ದಿನ ಹಿತ್ತಿಲ ಕೋಣೆಯಲ್ಲಿ ಕೂರಬೇಕಿತ್ತು. ಬಣ್ಣವನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿತ್ತೋ ಕಸಿಯುವ ಅಧಿಕಾರವೂ ಅವರ ಕೈಯಲ್ಲೇ ಇತ್ತು. ಇಂದಿನ ಹುಡುಗಿ ತನ್ನ ಬಣ್ಣವನ್ನು ತಾನೇ ಆರಿಸುತ್ತೇನೆ ಎಂದಾಗ, ಅದರಲ್ಲಿ ಬರೀ ಷೋಕಿಯನ್ನು ಕಾಣುವವರು ಇದನ್ನು ಮರೆಯಬಾರದು.

ಆ ಗೆಜೆಟಿಯರ್ ಅಚ್ಚಾದ ವರ್ಷವೇ ಕಾರವಾರದ ಕಡಲ ದಂಡೆಯಲ್ಲಿ ತರುಣ ರವೀಂದ್ರನಾಥ ಠಾಕೂರರು ಓಡಾಡುತ್ತಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಇಲ್ಲೇ. ಕಾರವಾರದಿಂದ ಕಲಕತ್ತೆಗೆ ಮರಳಿದ ಕೆಲಕಾಲದಲ್ಲೇ, 1883ರ ಡಿಸೆಂಬರ್ 9ರಂದು ಅವರ ಮದುವೆಯಾಯಿತು. ಮದುವೆಯ ಉಡುಪಿನ ಕಥೆಗೆ ಹೆಚ್ಚು ಸಂಬಂಧಪಟ್ಟವರು ಮಾತ್ರ ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ. ಗಂಡನೊಂದಿಗೆ ಮುಂಬಯಿಗೆ ಬಂದ ಅವರು ಪಾರ್ಸಿ ಹೆಂಗಸರಿಂದ ಕಲಿತು, ರವಿಕೆ ಒಳಲಂಗಗಳ ಮೇಲೆ ನೆರಿಗೆ ಹಾಕಿ ಎಡ ಹೆಗಲಿಗೆ ಸೆರಗು ಬರುವಂತೆ ಸೀರೆ ಉಡುವ ಪದ್ಧತಿಯನ್ನು ಬಂಗಾಳದಲ್ಲಿ ಬಳಕೆಗೆ ತಂದರು. ಇಂದು ಇಡೀ ದೇಶದ ಮದುಮಗಳು ಉಡುವ ಸೀರೆಯ ಕಟ್ಟು ಹೆಚ್ಚುಕಡಿಮೆ ಅದೇ. ಆ ಕುಟುಂಬದ ಬಂಗಲೆಯ ಹೊರಗೆ, ಪೇಟೆಯ ದಾರಿಯಲ್ಲಿ, ಹೆಗಲ ಮೇಲೆ ಗಂಟು ಹಾಕಿದ ಸೀರೆಯ ಹಾಲಕ್ಕಿ ಹೆಂಗಸರು ನಡೆಯುತ್ತಿದ್ದ ಕಾಲ ಅದು. ಮುಂದೆ ಯಾವ ಕಟ್ಟು ಗೆದ್ದಿತು, ಯಾವುದು ಹಿಂದೆ ಸರಿಯಿತು ಎಂದು ಹೇಳಬೇಕಾಗಿಲ್ಲ.

ಬಳೆಯ ವಿಷಯಕ್ಕೆ ಬಂದರೆ ಧರ್ಮದ ಗಡಿಯೂ ಅಳಿಸಿಹೋಗುತ್ತದೆ. ಕಾರವಾರದ ಕೊಂಕಣಿ ಹಿಂದೂ ಮನೆಗಳಲ್ಲಿ ಮದುವೆಗೆ ಮುಂಚೆ ಬಳೆಗಾರ ಬಂದು ಮದುಮಗಳಿಗೆ ಚೂಡೊ ತೊಡಿಸುತ್ತಾನೆ. ಗಾಜಿನ ಬಳೆಗಳ ಆ ಸಾಲಿನಲ್ಲಿ ಹಸಿರಿಗೇ ಮೇಲುಗೈ. ಕ್ರೈಸ್ತ ಮದುಮಗಳಿಗೂ ಚೂಡೊ ಉಂಟು. ಅನೇಕ ಕಡೆ ಅದು ಸೋದರಮಾವನ ಮನೆಯ ಖರ್ಚು. ಇಗರ್ಜಿಯ ಮದುವೆಗೆ ಬಿಳಿ ಗೌನು, ಆಮೇಲೆ ಸಾಡೊ ಎಂಬ ಕೆಂಪು ಸೀರೆ. ಬಿಳಿ ಬಂದದ್ದು ಯುರೋಪಿನಿಂದ. ಅಲ್ಲಿಯೂ ಅದು ಬಹಳ ಹಳೆಯದೇನಲ್ಲ, 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿಯುಟ್ಟು ಮದುವೆಯಾದ ಮೇಲೆ ಹಬ್ಬಿದ ರೂಢಿ. ಕೆಂಪು ಈ ಮಣ್ಣಿನದು. ಅದನ್ನು ಉಳಿಸಿಕೊಳ್ಳಲು ಜನ ಪಟ್ಟ ಪಾಡು ಸಣ್ಣದಲ್ಲ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆ ಹೊಸ ಕ್ರೈಸ್ತರ ಮದುವೆ ಮನೆಗಳೊಳಕ್ಕೇ ಕೈ ಹಾಕಿ, ಹಳೆಯ ವಾದ್ಯ, ವೀಳ್ಯ, ಹೂವು, ಅರಿಶಿನದ ಶಾಸ್ತ್ರಗಳನ್ನು ನಿಷೇಧಿಸಿತು. ಗೋವೆಯಿಂದ ದಕ್ಷಿಣಕ್ಕೆ ಕಾಳಿ ನದಿ ದಾಟಿ ಬಂದ ಕುಟುಂಬಗಳು ಕಾರವಾರದ ಸೀಮೆಯಲ್ಲಿ ನೆಲೆಸಿದಾಗ ಶಿಲುಬೆಯ ಜೊತೆಗೆ ಮದುಮಕ್ಕಳಿಗೆ ಕಾಯಿಹಾಲು ಹಚ್ಚುವ ರೋಸ್ ಶಾಸ್ತ್ರ, ಹಸಿರು ಬಳೆ, ಕೆಂಪು ಸಾಡೊಗಳನ್ನೂ ತಂದವು. ಆಜ್ಞೆ ಹೊರಡಿಸಿದ ಇನ್‌ಕ್ವಿಸಿಷನ್ 1812ರಲ್ಲಿ ರದ್ದಾಯಿತು, ಬಳೆಯ ಶಾಸ್ತ್ರ ಮುಂದುವರಿದಿದೆ.

ಕೆಂಪು ಎಂದರೆ ಅಂಗಡಿಯಿಂದ ತರುವ ಪುಡಿ ಎಂದು ತಿಳಿಯುವ ಕಾಲ ಅದಾಗಿರಲಿಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಸಾಕು, ಹಳದಿ ಕಣ್ಣೆದುರೇ ರಕ್ತಗೆಂಪಾಗುತ್ತದೆ. ಕ್ಷಾರ ಸೇರಿದೊಡನೆ ಬಣ್ಣ ಬದಲಿಸುವುದು ಅರಿಶಿನದ ಗುಣ. ಮದುಮಕ್ಕಳಿಗೆ ದೃಷ್ಟಿ ತೆಗೆಯುವ ಓಕುಳಿಯಾರತಿ ಇದೇ ನೀರು. ಕಡಲತಡಿಯಲ್ಲಿ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದು. ಅಂದರೆ ಹಿತ್ತಿಲ ಅರಿಶಿನ ಮತ್ತು ಹೊಳೆಯ ಚಿಪ್ಪು ಸೇರಿ ಮದುವೆಯ ಎರಡು ಮುಖ್ಯ ಬಣ್ಣಗಳು ಒಂದೇ ಹರಿವಾಣದಲ್ಲಿ ಹುಟ್ಟುತ್ತಿದ್ದವು.

ಇನ್ನು ಬಾಸಿಂಗ. ಇದು ಗುಡಿಗಾರರ ಕೈಚಳಕ. ಗಂಧದ ಕೆತ್ತನೆಗೆ ಹೆಸರಾದ ಈ ಸಮುದಾಯ ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದದ್ದೆಂಬ ನೆನಪು ಅವರಲ್ಲಿದೆ. ಶಿರಸಿ, ಸಾಗರ, ಸೊರಬ ಸೀಮೆಗಳಲ್ಲಿ ಅವರು ನೆಲೆನಿಂತರು. ಮದುವೆ ತಿಂಗಳು ಬಂತೆಂದರೆ ಗಂಧ ಪಕ್ಕಕ್ಕಿಟ್ಟು ಬೆಂಡು ಹಿಡಿಯುತ್ತಿದ್ದರು. ಬೆಂಡು ಕೆರೆಯಂಚಿನ ಜೌಗಿನಲ್ಲಿ ಬೆಳೆಯುವ ನೀರುಗಿಡ. ಒಣಗಿಸಿದ ಕಾಂಡದ ಕಂದು ಸಿಪ್ಪೆ ಹೆರೆದರೆ ಒಳಗೆ ಹಾಲಿನಂತೆ ಬಿಳಿಯಾದ, ಬೆರಳಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸದಷ್ಟು ಹಗುರವಾದ ತಿರುಳು. ಹರಿತವಾದ ಅಗಲ ಚೂರಿಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ತಿರುಳನ್ನು ಮೆಲ್ಲನೆ ಉರುಳಿಸುತ್ತ ಹೋದರೆ ತೆಳ್ಳಗಿನ ಹಾಳೆ ಬಿಚ್ಚಿಕೊಳ್ಳುತ್ತದೆ. ಕೈ ಒಂದಿಷ್ಟು ನಡುಗಿದರೂ ಹಾಳೆ ಹರಿಯಿತು. ಆ ಹಾಳೆಯನ್ನು ಎಸಳಾಗಿ ಕತ್ತರಿಸಿ, ಸುತ್ತಿ, ಮೊಗ್ಗಾಗಿ ಹೂವಾಗಿ ಕಟ್ಟಿ, ಕೆಲವನ್ನು ಬಣ್ಣದಲ್ಲಿ ಅದ್ದಿ, ಮಿರುಗುವ ಬೇಗಡೆಯ ಮೇಲೆ ಅಂಟಿಸಿದರೆ ಬಾಸಿಂಗ. ಬಿಳಿ, ಗುಲಾಬಿ, ಚಿನ್ನದ ಬಣ್ಣ ಅದರ ಮೂಲ ಮೇಳ. ಹಣೆಗೆ ಕಟ್ಟಿದ ಮೇಲೆ ಮದುಮಕ್ಕಳು ಆ ದಿನಕ್ಕೆ ದೇವರ ಸಮಾನ. ಮದುವೆ ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಅದನ್ನು ಎಸೆಯದೆ ಮೇಲೆ ಕಟ್ಟಿಡುತ್ತಾರೆ. ಕೆರೆಗಳು ಹೂಳು ತುಂಬಿದವು, ಬೆಂಡು ತರುವುದು ಕಷ್ಟವಾಯಿತು, ಥರ್ಮಾಕೋಲ್ ಅಗ್ಗಕ್ಕೆ ಸಿಕ್ಕಿತು. ಯಂತ್ರದಲ್ಲಿ ಕತ್ತರಿಸಿದ ಬಾಸಿಂಗ ದೂರದಿಂದ ಹಾಗೇ ಕಾಣುತ್ತದೆ. ಹತ್ತಿರದಿಂದ ನೋಡಿದವರಿಗೆ ಮಾತ್ರ ಆ ಎಸಳಿನ ನಯ ಇಲ್ಲವೆಂದು ತಿಳಿಯುತ್ತದೆ. ಈ ನಷ್ಟ ದೊಡ್ಡದು. ಒಂದು ಕೈಕಸುಬು ಹೀಗೆ ಹೋದರೆ ಮತ್ತೆ ಬರುವುದಿಲ್ಲ.

ಘಟ್ಟದ ಮೇಲೆ ಸಾಗರ, ಸಿದ್ದಾಪುರದ ದೀವರ ಮನೆಗಳಲ್ಲಿ ಬಣ್ಣದ ಮೇಳ ಇನ್ನೂ ಬಿಗಿಯಾದದ್ದು. ಮದುವೆಗೆ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ನಾಲ್ಕೇ ಬಣ್ಣ, ಅಡಿಗೆಮನೆ ಮತ್ತು ಅಂಗಳದಲ್ಲಿ ಸಿಗುವಂಥವು. ಐದನೆಯದಕ್ಕೆ ಯಾರೂ ಆಸೆ ಪಟ್ಟಿಲ್ಲ. ಇಂದು ವಿನ್ಯಾಸ ಕಲಿಸುವ ಶಾಲೆಗಳು ಹೇಳುವುದೂ ಇದನ್ನೇ: ಬಣ್ಣ ಕಡಿಮೆಯಿರಲಿ, ಒಂದು ನೆಲೆಯ ಬಣ್ಣವಿರಲಿ, ಒಂದು ಎದ್ದು ಕಾಣಲಿ.

ಕಾರವಾರದ ಬಟ್ಟೆಯ ವ್ಯಾಪಾರ ಹಳೆಯದು. 1638ರಲ್ಲಿ ಕೋರ್ಟೀನ್ ಕಂಪನಿಯ ಇಂಗ್ಲಿಷರು ಇಲ್ಲಿ ಕೋಠಿ ತೆರೆದದ್ದು ಸೋದೆ ಸೀಮೆಯ ಮೆಣಸಿನ ಆಸೆಗೆ. ಆದರೆ ಹುಬ್ಬಳ್ಳಿಯ ಕಡೆಯಿಂದ ಘಟ್ಟ ಇಳಿದು ಬರುತ್ತಿದ್ದ ನಯವಾದ ಮಸ್ಲಿನ್, ಡುಂಗರಿ ಎಂಬ ಒರಟು ನೀಲಿ ಬಟ್ಟೆಗಳೂ ಇದೇ ಬಂದರಿನಿಂದ ಹಡಗೇರಿದವು. ನೀಲಿ ದುಡಿಮೆಯ ಬಣ್ಣವಾಗಿ ಲೋಕ ಸುತ್ತಿತು. ಇಲ್ಲಿಯ ಮದುವೆಯ ಮಂಟಪಕ್ಕೆ ಮಾತ್ರ ಅದು ಬಹಳ ಕಾಲ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಬಣ್ಣದ ಲೋಕವೇ ತಲೆಕೆಳಗಾಯಿತು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹುಡುಗ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಪ್ರಯೋಗಶಾಲೆಯಲ್ಲಿ ತಯಾರಾಯಿತು. 1897ಕ್ಕೆ ಕೃತಕ ನೀಲಿಯೂ ಮಾರುಕಟ್ಟೆಗೆ ಬಂತು. ಅದುವರೆಗೆ ಶ್ರೀಮಂತರಿಗೆ ಮಾತ್ರ ಎಟುಕುತ್ತಿದ್ದ ಗಾಢ ಕೆಂಪು, ರಾಣಿ ಬಣ್ಣ, ಎಲೆಹಸಿರು ಗಿರಣಿ ಸೀರೆಗಳ ಮೇಲೆ ಎಲ್ಲರ ಮನೆಗೂ ಬಂದವು. ಮುಂಬಯಿಯಿಂದ ಆಗಬೋಟು ಕಾರವಾರಕ್ಕೆ ಬರುತ್ತಿತ್ತು. ಜೊತೆಗೆ ಮುಂಬಯಿಯ ರುಚಿಯೂ ಬಂತು. ಮರಾಠಿ ಮದುಮಗಳ ಹಳದಿ ಅಷ್ಟಪುತ್ರಿ ಸೀರೆ, ಜರಿಯ ಶಾಲು, ಪೈಠಣಿಗಳು ಕಾರವಾರದವರಿಗೆ ಪರಿಚಿತವಾದದ್ದು ಈ ದಾರಿಯಲ್ಲಿ.

ನಡುವೆ ಕೆಲವು ವರ್ಷ ಬಣ್ಣವನ್ನೇ ಬಿಟ್ಟುಕೊಡುವ ಕಾಲವೊಂದು ಬಂತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಕರನಿರಾಕರಣೆಯಲ್ಲಿ ಹೊಲ ಮನೆ ಕಳೆದುಕೊಂಡ ಈ ತಾಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಪರದೇಶಿ ಬಟ್ಟೆ ಬಿಟ್ಟು ಖಾದಿ ಉಡುವುದು ಆ ಹೋರಾಟದ ವ್ರತ. ಖಾದಿಯ ಬಿಳಿ ಮತ್ತು ಮದುವೆಯ ಕೆಂಪು ಎದುರುಬದುರಾದಾಗ ದೇಶ ಕಂಡುಕೊಂಡ ದಾರಿಗೆ ಹೆಸರಾದ ಉದಾಹರಣೆ 1942ರದು: ಇಂದಿರಾ ನೆಹರೂ ಮದುವೆಯಲ್ಲಿ ಉಟ್ಟದ್ದು ತಂದೆ ಸೆರೆಮನೆಯಲ್ಲಿ ನೂತ ನೂಲಿನ ಗುಲಾಬಿ ಖಾದಿ ಸೀರೆ. ಒಂದು ಮದುವೆಗೆ ಇದಕ್ಕಿಂತ ಗಟ್ಟಿಯಾದ ಥೀಮ್ ಇರಲಾರದು. ಬಣ್ಣ, ಬಟ್ಟೆ, ಕಾಲ, ಮನೆತನದ ನಂಬಿಕೆ ಎಲ್ಲವೂ ಆ ಒಂದೇ ಸೀರೆಯಲ್ಲಿದ್ದವು.

ಮದುವೆಯ ಬಣ್ಣವನ್ನು ಆರಿಸುವ ಅಗತ್ಯ ನಿಜವಾಗಿ ಹುಟ್ಟಿದ್ದು ಫೋಟೋದಿಂದ. ಕಪ್ಪುಬಿಳುಪಿನ ಚಿತ್ರದಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದು. ಬಣ್ಣದ ಪ್ರಿಂಟು ಊರೂರಿಗೆ ಬಂದ ಮೇಲೆ ಯಾರ ಪಕ್ಕದಲ್ಲಿ ಯಾವ ಬಣ್ಣ ನಿಂತಿದೆ ಎಂಬುದು ಆಲ್ಬಮ್ಮಿನಲ್ಲಿ ಶಾಶ್ವತವಾಗಿ ಉಳಿಯತೊಡಗಿತು. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾ ಇಡೀ ಮದುವೆಯನ್ನೇ ಕಣ್ಣಹಬ್ಬವಾಗಿಸಿತು. ಮಾಧುರಿ ದೀಕ್ಷಿತ್ ಉಟ್ಟ ನೇರಳೆ ಸೀರೆಯ ಮಾದರಿ ಸಣ್ಣ ಊರುಗಳ ಬಟ್ಟೆ ಅಂಗಡಿಗಳವರೆಗೂ ಬಂತು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿ, ಗೋವಾ, ಮಂಗಳೂರು ಇನ್ನಷ್ಟು ಹತ್ತಿರವಾದವು. ಸೀಬರ್ಡ್ ನೌಕಾನೆಲೆಗಾಗಿ ಕಡಲಂಚಿನ ಹಳ್ಳಿಗಳು ಎದ್ದುಹೋದಾಗ ಅಂಗಳಗಳೂ, ಅಂಗಳದ ಅಬ್ಬಲಿಗೆ ಗಿಡಗಳೂ ಹೋದವು. ಅಂಗಳವಿಲ್ಲದ ಮನೆಗೆ ಮಡಲಿನ ಚಪ್ಪರ ಎಲ್ಲಿ ಹಾಕುವುದು? ಮದುವೆ ಛತ್ರಕ್ಕೆ ಹೋಯಿತು. ಛತ್ರದ ಗೋಡೆಗೆ ತನ್ನದೆಂಬ ಬಣ್ಣವಿಲ್ಲ, ಅದನ್ನು ಹೊರಗಿನಿಂದ ತರಬೇಕು. ಡೆಕೋರೇಟರ್ ಬಂದದ್ದು ಆ ಖಾಲಿ ಗೋಡೆಯಿಂದಾಗಿ.

ಕಡಲತಡಿಯ ಮದುವೆಗಳಿಗೆ ಈಗ ಒಲವಿರುವುದು ತಿಳಿಬಣ್ಣಗಳತ್ತ: ಕೆನೆ, ತಿಳಿಗುಲಾಬಿ, ಲ್ಯಾವೆಂಡರ್, ಎಳೆನೀಲಿ. ಮರಳು ಮತ್ತು ಸಂಜೆಯ ಆಕಾಶದ ಎದುರು ಅವು ಒಪ್ಪುತ್ತವೆ, ಅದನ್ನು ಅಲ್ಲಗಳೆಯಲಾಗದು. ಕೊರಗಿರುವುದು ಇನ್ನೊಂದು ವಿಷಯಕ್ಕೆ. ಆ ಬಣ್ಣಕ್ಕೆ ಹೊಂದುವ ಹೂವು ಹುಡುಕಿಕೊಂಡು ಹೊರಗಿನಿಂದ ಆರ್ಕಿಡ್, ಜರ್ಬೆರಾ ತರಿಸುವ ಮನೆಯವರು, ಕೆನೆಬಣ್ಣದ ಮೇಳಕ್ಕೆ ಬಿಳಿ ಎಸಳು ಹಳದಿ ಕೇಸರದ ಸುರಗಿಗಿಂತ ಒಳ್ಳೆಯ ಹೂವು ತಮ್ಮ ತಾಲೂಕಿನಲ್ಲೇ, ಅದೇ ತಿಂಗಳಲ್ಲಿ ಅರಳುತ್ತದೆಂದು ನೆನಪಿಸಿಕೊಳ್ಳುವುದಿಲ್ಲ. ಮರ ಹತ್ತುವವರಿಗೆ, ದಂಡೆ ಕಟ್ಟುವವರಿಗೆ ಒಂದು ಮದುವೆಯ ಬೇಡಿಕೆ ಎಂದರೆ ಒಂದು ವಾರದ ದುಡಿಮೆ.

ಹೆಚ್ಚಿನ ಮನೆಗಳು ಈ ಹಗ್ಗಜಗ್ಗಾಟಕ್ಕೆ ತಾವೇ ಒಂದು ತೀರ್ಮಾನ ಕಂಡುಕೊಂಡಿವೆ. ಬೆಳಗಿನ ಧಾರೆ ಅಜ್ಜಿಯದು, ಸಂಜೆಯ ಆರತಕ್ಷತೆ ಮೊಮ್ಮಗಳದು. ಬೆಳಗ್ಗೆ ಬಾಸಿಂಗ, ಜರಿಯ ಸೀರೆ, ಅಬ್ಬಲಿಗೆ, ಓಕುಳಿಯಾರತಿ. ಸಂಜೆ ಥೀಮ್. ಆದರೆ ಬಳೆಗಾರ ತೊಡಿಸಿದ ಹಸಿರು ಗಾಜಿನ ಬಳೆಗಳನ್ನು ಮದುವೆಯಾದ ಮೇಲೂ ಎಷ್ಟೋ ದಿನ ಕೈಯಿಂದ ಇಳಿಸುವಂತಿಲ್ಲ, ಬೆಳಗ್ಗೆ ಕೊರಳಿಗೆ ಬಿದ್ದ ಕರಿಮಣಿಯನ್ನು ಸಂಜೆಗೆ ತೆಗೆದಿಡುವಂತಿಲ್ಲ. ಹಾಗಾಗಿ ಕಾರವಾರದಲ್ಲಿ ಸಂಜೆಯ ಗೌನಿಗೆ ಬಟ್ಟೆ ಆರಿಸುವ ಹುಡುಗಿ, ಅದು ಲ್ಯಾವೆಂಡರ್ ಇರಲಿ ತಿಳಿಗುಲಾಬಿ ಇರಲಿ, ಮುಂಗೈಯ ಹಸಿರಿಗೂ ಕೊರಳ ಕಪ್ಪಿಗೂ ಒಪ್ಪುವುದೇ ಎಂದು ಮೊದಲು ನೋಡಿಕೊಳ್ಳಬೇಕಾಗುತ್ತದೆ.